ಮಾವನವರು ಹೋದ ಮೇಲೆ ರಾಣಿ ಮತ್ತೆ ಉಂಡದ್ದು

ಮುಧೋಳ ನಾಯಿ ಸಾಕಿದವರಿಗೆ ಗೊತ್ತು, ಅದು ಹೆಚ್ಚಾಗಿ ಮನೆಮಂದಿಯಲ್ಲಿ ಒಬ್ಬರನ್ನೇ ಹಚ್ಚಿಕೊಳ್ಳುತ್ತದೆ. ನಮ್ಮ ರಾಣಿ ಹಚ್ಚಿಕೊಂಡದ್ದು ಮಾವನವರನ್ನು. ಅವರು ತೀರಿಕೊಂಡ ಮೇಲೆ ರೊಟ್ಟಿ ಮೂಸಿಯೂ ನೋಡಲಿಲ್ಲ. ಈ ಜಾತಿಗೆ ಒಂದೆರಡು ಪಕ್ಕೆಲುಬು ಕಾಣುವುದು ಸಹಜ. ಇದರ ಬೆನ್ನುಮೂಳೆಯೇ ಎದ್ದು ಕಂಡಿತು. 22 ಕಿಲೋ ಇದ್ದದ್ದು 18ರ ಹತ್ತಿರ ಇಳಿಯಿತು. "ಇದು ಉಳಿಯಂಗಿಲ್ರಿ ಅಕ್ಕಾರ" ಅಂದವರೇ ಜಾಸ್ತಿ.

ಮೊದಲು ರಕ್ತ ಪರೀಕ್ಷೆ ಮಾಡಿಸಿದೆ. ಉಣ್ಣಿ ಜ್ವರ ಬಂದರೂ ನಾಯಿ ಹೀಗೇ ಊಟ ಬಿಟ್ಟು ಮೂಲೆ ಹಿಡಿಯುತ್ತದೆ ಅಲ್ವಾ? ಪ್ಲೇಟ್‌ಲೆಟ್ 2 ಲಕ್ಷದ ಮೇಲಿತ್ತು, ಮೈ ಬಿಸಿ 101 ಡಿಗ್ರಿ ಚಿಲ್ಲರೆ, ನಾಯಿಗೆ ಅದು ಸಹಜ. ಉಣ್ಣಿ ಜ್ವರದ ಲಕ್ಷಣ ಕಾಣಲಿಲ್ಲ. ಪರೀಕ್ಷೆ, ಡ್ರಿಪ್, ಹಸಿವಿನ ಟಾನಿಕ್, ಡಬ್ಬದ ಊಟ ಎಲ್ಲ ಸೇರಿ 9,000 ರೂಪಾಯಿ ಹತ್ತಿರ ಹೋಯಿತು. ಡ್ರಿಪ್ ಹಾಕಿದ ದಿನ ಸ್ವಲ್ಪ ಚೇತರಿಸಿತು. ಟಾನಿಕ್, ಡಬ್ಬ ಎರಡೂ ದಂಡ. ಜೊತೆಗಿರಲಿ ಎಂದು ಮೈದುನ ಒಂದು ಮರಿ ತಂದ. ರಾಣಿ ಹಲ್ಲು ಕಿಸಿಯಿತು. ಮರಿ ವಾಪಸ್ ಹೋಯಿತು.

ಆಮೇಲೆ ನಾನು ಮಾವನವರ ದಿನಚರಿಯನ್ನೇ ಹಿಡಿದೆ. ಬೆಳಗ್ಗೆ ಐದೂವರೆಗೆ ಹೊಲದ ಬದುವಿನ ಮೇಲೆ ಅವರು ನಡೆಯುತ್ತಿದ್ದ ದಾರಿ. ಅವರ ಕಂಬಳಿ ಇದ್ದಲ್ಲೇ ಇರಲಿ, ಒಗೆಯುವುದು ಬೇಡ ಎಂದೆ. ಅತ್ತೆಯವರಿಗೆ ಅದನ್ನು ನೋಡುವುದೇ ಕಷ್ಟ, ಮನೆಯಲ್ಲಿ ಮಾತಿಗೆ ಮಾತು ಬೆಳೆಯಿತು. ಆದರೂ ನಾನು ಪಟ್ಟು ಬಿಡಲಿಲ್ಲ. ಆ ಕಂಬಳಿಯ ಪಕ್ಕ ಕೂತು ಬೆಚ್ಚಗಿನ ಹಾಲಲ್ಲಿ ಜೋಳದ ರೊಟ್ಟಿ ಮುರಿದು ಇಡುತ್ತಿದ್ದೆ. ಬೆಚ್ಚಗಿದ್ದರೆ ವಾಸನೆ ಚೆನ್ನಾಗಿ ಏಳುತ್ತದೆ. ಕಾಲು ಗಂಟೆ ಬಿಟ್ಟು ತಟ್ಟೆ ಎತ್ತಿಬಿಡಬೇಕು, ಬಾಯಿಗೆ ತುರುಕಬಾರದು. ಹಾಲಿಗೆ ಇನ್ನೊಂದು ಬೆರೆಸುತ್ತೇನೆ. ಅದೇನೆಂದು, ಅವರ ನಾಯಿಯನ್ನು ನಾನು ನೋಡದೆ ಯಾರಿಗೂ ಹೇಳುವುದಿಲ್ಲ.

ನಡುವೆ ಮೊಬೈಲಿನಲ್ಲಿದ್ದ ಮಾವನವರ ದನಿ ಕೇಳಿಸಿ ನೋಡಿದೆವು. ರಾಣಿ ಕೋಣೆ ಕೋಣೆ ಹುಡುಕಿ ಬಾಗಿಲಲ್ಲಿ ನಿಂತು ಊಳಿಟ್ಟಿತು. ಆವತ್ತೇ ನಿಲ್ಲಿಸಿದೆವು. ಅದನ್ನು ಯಾರೂ ಮಾಡಬೇಡಿ.

ಎರಡನೇ ವಾರದ ಹೊತ್ತಿಗೆ ಅರ್ಧ ರೊಟ್ಟಿ ತಿಂದಿತು. ಊಟ ಗಟ್ಟಿಯಾದ ಮೇಲಷ್ಟೇ ಬದಲಾವಣೆ, ಅದೂ ಒಂದೊಂದೇ. ಮೊದಲು ದಾರಿ, ಆಮೇಲೆ ತಟ್ಟೆಯ ಜಾಗ, ಕೊನೆಗೆ ಕಂಬಳಿ. ಕಂಬಳಿಯಲ್ಲಿ ಮಾತ್ರ ಅವಸರ ಮಾಡಲೇ ಇಲ್ಲ, ತಿಂಗಳ ಮೇಲಾಯಿತು. ಈಗ ತೂಕ 21 ದಾಟಿದೆ. ಉಳಿಯಂಗಿಲ್ಲ ಅಂದವರೇ ತಮ್ಮ ನಾಯಿ ಕರೆದುಕೊಂಡು ಬಂದು ಕೇಳುತ್ತಾರೆ. ಮೈದುನ ಮತ್ತೆ ಮರಿ ಮಾತು ತೆಗೆದಿದ್ದಾನೆ. ರಾಣಿ ತಾನಾಗಿ ಓಣಿಯ ನಾಯಿಗಳ ಜೊತೆ ಆಟಕ್ಕಿಳಿಯಲಿ, ಆಮೇಲೆ ನೋಡೋಣ ಎಂದಿದ್ದೇನೆ.