ಮೊದಲ ಮ್ಯಾಚುಗಳಲ್ಲೇ ಕಾಲೇಜು ಟೀಮ್ ಸೋತರೆ ಏನು ನೋಡಬೇಕು

ಶಿವಮೊಗ್ಗದಲ್ಲಿ ಬಾಸ್ಕೆಟ್‌ಬಾಲ್ ಟೀಮಿನ ಮೇಲೆ ಆಸೆ ಇಟ್ಟುಕೊಂಡವರು ಮೊದಲು ಮಳೆಯನ್ನು ಲೆಕ್ಕಕ್ಕೆ ತಗೋಬೇಕು. ಮಳೆಗಾಲ ಪೂರ್ತಿ ಬಯಲು ಕೋರ್ಟಿನ ಸಿಮೆಂಟಿಗೆ ಪಾಚಿ ಕಟ್ಟಿರುತ್ತದೆ. ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿದರೂ ಮತ್ತೆ ಜಾರುತ್ತದೆ. ಓಡಿ ತಿರುಗುವುದಿರಲಿ, ನೆಟ್ಟಗೆ ನಿಲ್ಲುವುದೇ ಕಷ್ಟ. ಐದು ಜನ ಒಟ್ಟಿಗೆ ಆಡಿ ಪ್ರಾಕ್ಟೀಸೇ ಆಗಿರುವುದಿಲ್ಲ. ಒಳಾಂಗಣ ಕೋರ್ಟ್ ಇರುವ ಊರಿನವರಿಗೆ ಹೋಲಿಸಿ ನಮ್ಮ ಹುಡುಗರನ್ನು ಬೈದು ಏನು ಪ್ರಯೋಜನ?

ಕಾಲೇಜು ಗೇಟಿನ ಎದುರು ನನ್ನದು ಜೆರಾಕ್ಸ್ ಅಂಗಡಿ. ಸೋತ ಮರುದಿನ ಬಂದು "ಈ ವರ್ಷ ಕಥೆ ಮುಗೀತು ಅಣ್ಣಾ" ಅನ್ನುವವರಿಗೆ ನಾನು ಹೇಳುವುದಿಷ್ಟೇ: ಸ್ಕೋರ್ ಬಿಡಿ, ಮುಂದಿನ ಮ್ಯಾಚಿಗೆ ಒಂದು ಹಾಳೆ ತಗೊಂಡು ಹೋಗಿ. ವೇಸ್ಟ್ ಹಾಳೆ ನನ್ನ ಹತ್ತಿರ ಬೇಕಾದಷ್ಟಿದೆ.

ಹಾಳೆಯಲ್ಲಿ ನಾಲ್ಕು ಮನೆ ಮಾಡಿ. ನಮ್ಮವರು ಹೊಡೆದ ಶಾಟ್, ಕಳೆದುಕೊಂಡ ಬಾಲ್, ಫೌಲ್‌ಗೆ ಸಿಗುವ ಫ್ರೀ ಥ್ರೋ (ಶಾಟ್ ಆಗಲಿ ಫ್ರೀ ಥ್ರೋ ಆಗಲಿ, ಬಿದ್ದದ್ದು ತಪ್ಪಿದ್ದು ಎರಡೂ), ನಮ್ಮದೇ ಶಾಟ್ ತಪ್ಪಿದಾಗ ನಮ್ಮವರೇ ಹಿಡಿದ ರೀಬೌಂಡ್. ಆದ ಹಾಗೆ ಒಂದೊಂದು ಗೆರೆ ಎಳೆಯಿರಿ. ಪಾಸ್ ಎದುರಿನವರ ಕೈಗೆ ಹೋಗುವುದು, ಟ್ರಾವೆಲಿಂಗ್ (ಬಾಲ್ ಪುಟಿಸದೇ ಹೆಚ್ಚು ಹೆಜ್ಜೆ ಹಾಕುವುದು), 8 ಸೆಕೆಂಡಿನಲ್ಲಿ ಅರ್ಧ ಕೋರ್ಟ್ ದಾಟದೇ ಇರುವುದು, ಶಾಟ್ ಹೊಡೆಯದೇ 24 ಸೆಕೆಂಡ್ ಮುಗಿದುಹೋಗುವುದು, ಎಲ್ಲ ಕಳೆದುಕೊಂಡ ಬಾಲೇ.

ಮ್ಯಾಚ್ ಮುಗಿದ ಮೇಲೆ ಶಾಟ್‌ಗೆ ಕಳೆದುಕೊಂಡ ಬಾಲ್ ಕೂಡಿಸಿ. ಫ್ರೀ ಥ್ರೋ ಸಂಖ್ಯೆಯನ್ನು 0.44ರಿಂದ ಗುಣಿಸಿ ಅದನ್ನೂ ಸೇರಿಸಿ. ರೀಬೌಂಡ್ ಕಳೆಯಿರಿ. ಬಾಲ್ ಇಟ್ಟುಕೊಂಡು ಆಡುವ ನಮ್ಮ ಸರದಿ ಎಷ್ಟು ಸಲ ಬಂತು ಅಂತ ಹೆಚ್ಚುಕಮ್ಮಿ ಗೊತ್ತಾಗುತ್ತದೆ. ಉದಾಹರಣೆಗೆ 60 ಶಾಟ್, 22 ಕಳೆದುಕೊಂಡ ಬಾಲ್, 16 ಫ್ರೀ ಥ್ರೋ, 10 ರೀಬೌಂಡ್ ಆದರೆ ಸುಮಾರು 79 ಸರದಿ. ಅದರಲ್ಲಿ 22 ಸಲ ಶಾಟ್ ಹೊಡೆಯದೇ ಬಾಲ್ ಕೊಟ್ಟಿದ್ದೇವೆ ಅಂದ ಹಾಗಾಯಿತು. ಇದು ಜಾಸ್ತಿಯೇ. ಆದರೆ ಗಾಬರಿ ಬೇಡ. ಒಬ್ಬರಿಗೊಬ್ಬರು ಹೊಂದಿಕೊಂಡಂತೆ ಕಮ್ಮಿಯಾಗುವುದು ಮೊದಲು ಇದೇ.

ಮೂರು ಪಾಯಿಂಟಿನ ಶಾಟ್ ಬೀಳುತ್ತಿಲ್ಲ ಅಂತ ತಲೆ ಕೆಡಿಸಿಕೊಳ್ಳಬೇಡಿ. 6.75 ಮೀಟರಿನಿಂದ ಕೈ ಕೂರಲು ಸಮಯ ಬೇಕು. ಫ್ರೀ ಥ್ರೋ ತಪ್ಪಿದರೆ ಮಾತ್ರ ಯಾವ ಕ್ವಾರ್ಟರ್ ಅಂತ ಬರೆದುಕೊಳ್ಳಿ. ಅಡ್ಡ ನಿಲ್ಲುವವರು ಯಾರೂ ಇಲ್ಲ, ಆದರೂ ನಾಲ್ಕನೇ ಕ್ವಾರ್ಟರಿನಲ್ಲಿ ಬಾಲ್ ರಿಂಗಿನ ಮುಂದಿನ ಅಂಚಿಗೇ ತಾಗಿ ವಾಪಸ್ ಬರುತ್ತಿದೆ ಅಂದರೆ ಬಹುತೇಕ ಕಾಲು ಸೋತಿದೆ. ಅದಕ್ಕೆ ಓಟ ಬೇಕು, ಶೂಟಿಂಗ್ ಪ್ರಾಕ್ಟೀಸ್ ಅಲ್ಲ.

ನನಗೆ ನಿಜವಾಗಿ ಚಿಂತೆ ಹತ್ತಿರುವುದು ರೀಬೌಂಡಿನದು. ಇದನ್ನು ನೋಡಬೇಕಾದರೆ ಬಾಲ್ ನೋಡಬಾರದು. ಎದುರಿನವರು ಶಾಟ್ ಹೊಡೆದ ಕ್ಷಣ ಕಣ್ಣು ಕೆಳಗಿಳಿಸಿ, ನಮ್ಮವರ ಬೆನ್ನು ನೋಡಿ. ತಿರುಗಿ, ಎದುರಾಳಿಗೆ ಬೆನ್ನು ಕೊಟ್ಟು, ಮೊಣಕಾಲು ಬಗ್ಗಿಸಿ ಜಾಗ ಹಿಡಿದರೆ ಸರಿ, ಇದಕ್ಕೇ ಬಾಕ್ಸ್ ಔಟ್ ಅನ್ನುವುದು. ನಮ್ಮ ಸೆಂಟರ್, ಅಂದರೆ ರಿಂಗಿನ ಹತ್ತಿರ ಆಡುವವನು, ತೀರ್ಥಹಳ್ಳಿ ಕಡೆಯ ಹುಡುಗ, ಒಳ್ಳೇ ಎತ್ತರ. ಆದರೆ ಜಾತ್ರೆಯಲ್ಲಿ ಪಟಾಕಿ ನೋಡುವವರ ಹಾಗೆ ಬಾಯಿ ತೆರೆದು ಮೇಲೆ ನೋಡುತ್ತಾ ನಿಲ್ಲುತ್ತಾನೆ. ಎದುರಿನ ಟೀಮಿನ, ಅವನಿಗಿಂತ ಗಿಡ್ಡ ಹುಡುಗ ಪಕ್ಕದಿಂದ ನುಗ್ಗಿ ಬಾಲ್ ಹಿಡಿಯುತ್ತಾನೆ. ಶಾಟ್ ಹೊಡೆಯಲು ಅವರಿಗೆ ಮತ್ತೆ 14 ಸೆಕೆಂಡ್. ಹೀಗಾದಾಗಲೆಲ್ಲ ಹಾಳೆಯ ಅಂಚಿನಲ್ಲಿ ಬೇರೆ ಗೆರೆ ಹಾಕಿ. ಮಳೆಯ ನೆಪ ಇದಕ್ಕೆ ನಡೆಯೋಲ್ಲ, ಬಾಕ್ಸ್ ಔಟನ್ನು ಕಾರಿಡಾರಿನಲ್ಲೂ ಕಲಿಸಬಹುದು ಅಲ್ವಾ?

ಫೌಲ್ ಬಗ್ಗೆ ಒಂದೇ ಮಾತು. ಐದಾದರೆ ಆಟಗಾರ ಹೊರಗೆ. ಮೊದಲ ಕ್ವಾರ್ಟರಿನಲ್ಲೇ ಬಾಲ್ ಮುಂದಕ್ಕೆ ತರುವ ಪಾಯಿಂಟ್ ಗಾರ್ಡ್‌ಗೆ ಎರಡು ಬಿದ್ದರೆ, ಬದಲಿಗೆ ಬಂದವನು ಬಾಲ್ ಹೇಗೆ ತರುತ್ತಾನೆ ಅಂತ ಗಮನಿಸಿ.

ಹಾಳೆಯ ಮೇಲೆ ತಾರೀಖು ಬರೆದಿಡಿ. ಸೋತು ಬಂದ ಹುಡುಗರ ಮುಂದೆ ಅದನ್ನು ಹಿಡಿಯಬೇಡಿ. ಸುಮ್ನೆ ಮನಸ್ತಾಪ. ಮಾರನೇ ದಿನ ಫಿಸಿಕಲ್ ಡೈರೆಕ್ಟರ್ ಸರ್ ಟೀ ಕುಡಿಯುವ ಹೊತ್ತಿಗೆ ಕೊಡಿ. ಮೂರ್ನಾಲ್ಕು ಮ್ಯಾಚಿನ ಹಾಳೆ ಪಕ್ಕಪಕ್ಕ ಇಟ್ಟಾಗ ಕಳೆದುಕೊಂಡ ಬಾಲ್ ಇಳಿಯುತ್ತಾ ಬಂದಿದ್ದರೆ ಆ ವಿಷಯ ಬಿಟ್ಟುಬಿಡಿ. ಅಂಚಿನ ಗೆರೆಗಳು ಮಾತ್ರ ಹಾಗೇ ಇದ್ದರೆ ಸರ್ ಹತ್ತಿರ ಮತ್ತೆ ಹೋಗಿ, ಬೇಜಾರು ಮಾಡಿಕೊಂಡರೂ ಪರವಾಗಿಲ್ಲ.