ತುಪ್ಪ ಬಿಟ್ಟರೂ ಟ್ರೈಗ್ಲಿಸರೈಡ್ ಇಳಿಯಲಿಲ್ಲವೇ? ಅನ್ನ ಅಳೆಯಿರಿ

ನಮ್ಮ ಶಿರಸಿ ಕಡೆ ರಕ್ತ ಪರೀಕ್ಷೆಯಲ್ಲಿ ಟ್ರೈಗ್ಲಿಸರೈಡ್, ಅಂದರೆ ರಕ್ತದಲ್ಲಿರುವ ಒಂದು ಬಗೆಯ ಕೊಬ್ಬು, ಜಾಸ್ತಿ ಬಂದರೆ ಮೊದಲು ಒಳಗೆ ಹೋಗುವುದು ತುಪ್ಪದ ಮಿಳ್ಳೆ. ನಮ್ಮ ಭಾವನೂ ಅದನ್ನೇ ಮಾಡಿದ. ಮೂರು ತಿಂಗಳು ತುಪ್ಪ ಮುಟ್ಟಲಿಲ್ಲ. ದಿನಾ ಬೆಳಿಗ್ಗೆ ತೆಳ್ಳೇವಿಗೆ ಜೋನಿಬೆಲ್ಲ ಮಾತ್ರ ಬಿಡಲಿಲ್ಲ, ಬೆಲ್ಲ ಒಳ್ಳೇದಲ್ವಾ ಅಂತ. ಅಂಕಿ ಇದ್ದಲ್ಲೇ ಇತ್ತು.

ಮೊದಲು ರಿಪೋರ್ಟ್ ನೋಡಿ. ಖಾಲಿ ಹೊಟ್ಟೆಯ ಸಕ್ಕರೆ 100ರಿಂದ 125, ಅಥವಾ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಅಂಕಿ) 5.7ರಿಂದ 6.4 ಇದ್ದರೆ ನೀವು ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದೀರಿ. ಟ್ರೈಗ್ಲಿಸರೈಡ್ 150ರ ಒಳಗಿರಬೇಕು. 500 ದಾಟಿದ್ದರೆ ಈ ಲೇಖನ ಬಿಟ್ಟು ಡಾಕ್ಟರ ಹತ್ತಿರ ಹೋಗಿ.

ಹೊಸ್ತಿಲಲ್ಲಿರುವವರ ಮೈ, ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್ ಹೇಳಿದ್ದನ್ನು ಸರಿಯಾಗಿ ಕೇಳುವುದಿಲ್ಲ. ಜಾಸ್ತಿಯಾದ ಅನ್ನವನ್ನೂ ಬೆಲ್ಲವನ್ನೂ ಲಿವರ್ ಕೊಬ್ಬು ಮಾಡಿ ರಕ್ತಕ್ಕೆ ಬಿಡುತ್ತದೆ. ಜೊತೆಗೇ ಎಚ್‌ಡಿಎಲ್ ಎಂಬ ಒಳ್ಳೆಯ ಕೊಲೆಸ್ಟ್ರಾಲ್ ಇಳಿಯುತ್ತದೆ.

ಎಲ್ಲರೂ ಎಡವುವುದು ಅನ್ನದಲ್ಲಿ. ನಾನು ಸ್ವಲ್ಪವೇ ಉಣ್ಣುವುದು ಅನ್ನುವವರ ಬಾಳೆ ನೋಡಿ: ತಂಬುಳಿಗೊಮ್ಮೆ ಅನ್ನ, ಸಾರಿಗೊಮ್ಮೆ, ಹುಳಿಗೊಮ್ಮೆ, ಕೊನೆಗೆ ಮಜ್ಜಿಗೆಗೆ ಮತ್ತೊಮ್ಮೆ. ಪ್ರತಿ ಸಲ ಸ್ವಲ್ಪವೇ, ಸೇರಿದರೆ ಗುಡ್ಡ. 100 ಗ್ರಾಂ ಬೆಂದ ಅನ್ನದಲ್ಲಿ ಸುಮಾರು 28 ಗ್ರಾಂ ಪಿಷ್ಟ. ಹಾಗಾಗಿ ಒಂದು ಸಣ್ಣ ಬಟ್ಟಲು ಗೊತ್ತು ಮಾಡಿ, ಇಡೀ ಊಟಕ್ಕೆ ಬೇಕಾದ ಅನ್ನವನ್ನು ಒಂದೇ ಸಲ ಬಡಿಸಿಕೊಳ್ಳಿ, ಪಾತ್ರೆಯನ್ನು ಒಳಗೇ ಇಡಿ. ಮೊದಲು ಪಲ್ಯ ತಿನ್ನಿ. ತಂಬುಳಿಯನ್ನೂ ಮಜ್ಜಿಗೆಯನ್ನೂ ಲೋಟದಲ್ಲಿ ಕುಡಿಯಿರಿ. ಖಾಲಿಯಾದ ಜಾಗಕ್ಕೆ ಬಸಳೆ, ಹರಿವೆ, ತೊಂಡೆಕಾಯಿ, ಹೆಸರುಕಾಳಿನ ಉಸ್ಲಿ ಬರಲೇಬೇಕು. ಸುಮ್ನೆ ಅನ್ನ ಕಡಿಮೆ ಮಾಡಿದರೆ ನಾಲ್ಕು ಗಂಟೆಗೆ ಬಾಳೆಕಾಯಿ ಚಿಪ್ಸ್ ಡಬ್ಬಿ ತೆರೆಯುತ್ತದೆ, ನಾನು ನೋಡಿದ್ದೇನೆ. ಕುಚ್ಚಲಕ್ಕಿ ವಾಸಿ, ಆದರೆ ಅದೂ ಅನ್ನವೇ. ಸಕ್ಕರೆ ಕಾಯಿಲೆಯ ಮಾತ್ರೆ ನುಂಗುತ್ತಿದ್ದರೆ ಅನ್ನ ಇಳಿಸುವ ಮೊದಲು ಡಾಕ್ಟರಿಗೆ ಹೇಳಿ.

ಜೋನಿಬೆಲ್ಲದ ಮುಚ್ಚಳ ಹಾಕಿ. ಮುರುಗಲು ಶರಬತ್ತಿಗೂ ಅದೇ ಮಾತು, ಬಾಟಲಿಯೊಳಗೆ ಹಣ್ಣಿಗಿಂತ ಸಕ್ಕರೆ ಜಾಸ್ತಿ. ಉಪ್ಪು ಹಾಕಿದ ಮುರುಗಲು ಸಾರು ಮಾಡಿಕೊಳ್ಳಿ. ‘ಶುಗರ್ ಫ್ರೀ’ ಬಿಸ್ಕತ್ತು ಕೊಳ್ಳುವ ಮೊದಲು ಪೊಟ್ಟಣದ ಹಿಂದೆ ಓದಿ, ಹೆಚ್ಚಿನವು ಮೈದಾ ಮತ್ತು ತಾಳೆ ಎಣ್ಣೆ. ನನ್ನನ್ನು ಕೇಳಿದರೆ ಅಂಥವನ್ನು ಮನೆಗೆ ತರಲೇಬೇಡಿ.

ಹಾಗಂತ ತುಪ್ಪವನ್ನು ಬೇಕಾದಷ್ಟು ಸುರಿಯಬಹುದು ಅಂತಲ್ಲ. ತುಪ್ಪ, ಕೊಬ್ಬರಿ ಎಣ್ಣೆ ಏರಿಸುವುದು ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ಎಂಬ ಬೇರೆ ಅಂಕಿಯನ್ನು. ಊಟಕ್ಕೆ ಒಂದು ಚಮಚ ತುಪ್ಪ ಸಾಕು, ಕರಿಯುವ ಬಾಣಲೆ ಅಟ್ಟಕ್ಕೆ ಹೋಗಲಿ.

ಕಾರವಾರದವರ ಕೈಯಲ್ಲೇ ಬಂಗಡೆ, ತಾರ್ಲೆ ಇದೆ. ಈ ಮೀನುಗಳ ಒಮೆಗಾ-3 ಟ್ರೈಗ್ಲಿಸರೈಡ್ ಇಳಿಸಲು ನೆರವಾಗುತ್ತದೆ. ವಾರಕ್ಕೆರಡು ಸಲ ಸಾರು ಮಾಡಿ, ರವೆ ಮೆತ್ತಿ ಕರಿಯಬೇಡಿ. ಗೋವಾ ಗಡಿಯಿಂದ ಬರುವ ಬಾಟಲಿ ಮಾತ್ರ ಎಲ್ಲವನ್ನೂ ಕೆಡಿಸುತ್ತದೆ, ಮದ್ಯವೂ ಇದೇ ಅಂಕಿಯನ್ನು ಏರಿಸುತ್ತದೆ.

ದಿನಾ ಅರ್ಧ ಗಂಟೆ ನಡೆಯಿರಿ.

ಮೂರು ತಿಂಗಳ ಮೇಲೆ ಮತ್ತೆ ಪರೀಕ್ಷೆ ಮಾಡಿಸಿ, ಹತ್ತು ಹನ್ನೆರಡು ಗಂಟೆ ನೀರು ಮಾತ್ರ ಕುಡಿದು, ಬೇರೇನೂ ತಿನ್ನದೆ. ಮದುವೆ ಮನೆ ಊಟದ ಮಾರನೇ ದಿನ ಬೇಡ. ಹಿಂದಿನ ಮೂರು ದಿನ ಮಾತ್ರ ಪಥ್ಯ ಮಾಡಿ ಹೋಗುವ ಜಾಣರೂ ಇದ್ದಾರೆ. ಟ್ರೈಗ್ಲಿಸರೈಡ್ ಅಷ್ಟರಲ್ಲಿ ಸ್ವಲ್ಪ ಇಳಿದೀತು. ಎಚ್‌ಬಿಎ1ಸಿ ಮಾತ್ರ ಹಿಂದಿನ ಎರಡು ಮೂರು ತಿಂಗಳ ಲೆಕ್ಕ ಹೇಳುತ್ತದೆ, ಭಾವನದ್ದನ್ನು ಹೇಳಿದ ಹಾಗೆ.