ಹಳೇ ಪಿಸ್ತೂಲ್ ಮ್ಯಾಗಜಿನ್: 1994ಕ್ಕೆ ಮುಂಚಿನದೋ, ಆಮೇಲಿನದೋ?

ನಾನು ಕೊಡಗಿನವನು. ಕೈಲ್ ಮುಹೂರ್ತದ ದಿನ ನಮ್ಮನೆ ಕೋವಿಗೆ ತೋಕ್ ಪೂ (ಕೋವಿ ಹೂವು) ಸಿಕ್ಕಿಸಿ ಪೂಜೆ ಮಾಡುತ್ತೇವೆ. ಆ ಒಂಟಿ ನಳಿಗೆ ಕೋವಿಗೆ ಮ್ಯಾಗಜಿನ್ನೇ (ಗುಂಡು ತುಂಬಿ ಪಿಸ್ತೂಲಿಗೆ ಸಿಕ್ಕಿಸುವ ಡಬ್ಬಿ) ಇಲ್ಲ, ಒಂದೊಂದೇ ತೋಟಾ ಹಾಕಬೇಕು. ಹಾಗಾಗಿ ಕೆಲಸಕ್ಕೆಂದು ಅಮೆರಿಕದ ಮೆಸಾಚುಸೆಟ್ಸ್ ರಾಜ್ಯಕ್ಕೆ ಬಂದು, ಲೈಸೆನ್ಸ್ ಮಾಡಿಸಿ, ಪಿಸ್ತೂಲ್ ಕೊಂಡಾಗ ಮ್ಯಾಗಜಿನ್ ವಿಷಯ ನನಗೆ ಪೂರ್ತಿ ಹೊಸದು.

ಇಲ್ಲಿನ ಕಾನೂನಿನ ತಿರುಳು ಇಷ್ಟು. 1994ರ ಸೆಪ್ಟೆಂಬರ್ 13ರಂದು ಅಮೆರಿಕದಲ್ಲಿ ಹತ್ತಕ್ಕಿಂತ ಜಾಸ್ತಿ ಗುಂಡು ಹಿಡಿಸುವ ಹೊಸ ಮ್ಯಾಗಜಿನ್‌ಗಳಿಗೆ ನಿಷೇಧ ಬಂತು. ಆ ದಿನ ಯಾರ ಹತ್ತಿರವಾದರೂ ಕಾನೂನುಬದ್ಧವಾಗಿ ಇದ್ದವಕ್ಕೆ ವಿನಾಯಿತಿ. ಹತ್ತು ವರ್ಷಕ್ಕೆ ಕೇಂದ್ರದ ಕಾನೂನು ಮುಗಿದುಹೋಯಿತು. ಮೆಸಾಚುಸೆಟ್ಸ್ ಮಾತ್ರ 1998ರಲ್ಲೇ ಅದೇ ಗಡುವನ್ನು ತನ್ನ ಕಾನೂನಿನಲ್ಲಿ ಬರೆದುಕೊಂಡಿತ್ತು, ಬಿಡಲಿಲ್ಲ. ತಪ್ಪಿದರೆ ಹತ್ತು ವರ್ಷದವರೆಗೆ ಜೈಲು. ಆ ಗಡುವಿಗೆ ಮುಂಚಿನವನ್ನು ಎಲ್ಲರೂ ಪ್ರೀ-ಬ್ಯಾನ್ ಎನ್ನುತ್ತಾರೆ. ಬೆಲೆಯೂ ಜಾಸ್ತಿ.

2016ರಲ್ಲಿ ಒಂದು ಗನ್ ಶೋನಲ್ಲಿ 'ಪ್ರೀ-ಬ್ಯಾನ್' ಚೀಟಿ ಅಂಟಿಸಿದ್ದ, ಗ್ಲಾಕ್ ಕಂಪನಿಯ ಪಿಸ್ತೂಲಿನ ಮ್ಯಾಗಜಿನ್‌ಗೆ ದುಡ್ಡು ಕೊಡಲು ಪರ್ಸ್ ತೆಗೆದಿದ್ದೆ. ಜೊತೆಗಿದ್ದ ನಮ್ಮ ಕ್ಲಬ್ಬಿನ ಹಿರಿಯರು ಅದನ್ನು ಕೈಗೆ ತೆಗೆದುಕೊಂಡು ತಿರುಗಿಸಿ, "ಎರಡೂ ಪಕ್ಕ ನೋಡು" ಎಂದರು. ಪಿಸ್ತೂಲಿನ ಕೊಂಡಿ ಹಿಡಿಯುವ ಕಚ್ಚು ಎರಡೂ ಕಡೆ ಇತ್ತು. ಹಳೇ ಗ್ಲಾಕ್ ಮ್ಯಾಗಜಿನ್‌ಗೆ ಅದು ಒಂದೇ ಕಡೆ. ಎರಡೂ ಕಡೆ ಬಂದಿದ್ದು 2010ರ ನಾಲ್ಕನೇ ಪೀಳಿಗೆಯ ಗ್ಲಾಕ್ ಜೊತೆ. ನನ್ನ ಕೈ ನಡುಗಿತು. ಚೀಟಿ ನಂಬಿ ಅದನ್ನು ಮನೆಗೆ ತಂದಿದ್ದರೆ ನಾನು ಅಪರಾಧಿ ಅಲ್ವಾ? ಅವತ್ತಿನಿಂದ ಇದನ್ನು ಶ್ರದ್ಧೆಯಿಂದ ಕಲಿತೆ.

2019ರಲ್ಲಿ ಆ ಹಿರಿಯರ ಅಣ್ಣ ತೀರಿಕೊಂಡರು. ಮನೆ ನ್ಯೂ ಹ್ಯಾಂಪ್‌ಷೈರ್‌ನ ನ್ಯಾಶುವಾದಲ್ಲಿ. ಗಡಿ ದಾಟಿದರೆ ಮೆಸಾಚುಸೆಟ್ಸ್, ಆದರೆ ನ್ಯೂ ಹ್ಯಾಂಪ್‌ಷೈರ್‌ನಲ್ಲಿ ಮ್ಯಾಗಜಿನ್‌ಗೆ ಮಿತಿಯೇ ಇಲ್ಲ. ಅಣ್ಣ ಬಿಟ್ಟುಹೋದ ಷೂ ಡಬ್ಬದಲ್ಲಿ ಹನ್ನೊಂದು ಮ್ಯಾಗಜಿನ್. ಯಾವುದನ್ನು ಗಡಿ ಈಚೆ ತರಬಹುದು? ಹಿರಿಯರಿಗೆ ಕಣ್ಣು ಮಂಜಾಗಿತ್ತು. ನನ್ನನ್ನು ಕರೆದರು. ಅಲ್ಲೇ ಅಡುಗೆಮನೆ ಮೇಜಿನ ಮೇಲೆ ಬಿಳಿ ಟವೆಲ್ ಹಾಸಿ, ದೀಪ ಹತ್ತಿರ ಎಳೆದುಕೊಂಡು, ಭೂತಗನ್ನಡಿ ಹಿಡಿದು ಕೂತೆವು. ಮೊದಲು ಒಂದೊಂದನ್ನೂ ಖಾಲಿ ಇದೆಯಾ ಎಂದು ನೋಡಿದೆ.

ಎರಡು ಸುಲಭವಾಗಿ ಹೋದವು. ಸ್ಮಿತ್ ಆಂಡ್ ವೆಸ್ಸನ್ ಎಂ ಆಂಡ್ ಪಿ ಪಿಸ್ತೂಲಿನವು, ಹದಿನೇಳು ಗುಂಡಿನವು. 2005ಕ್ಕೆ ಮುಂಚೆ ಆ ಪಿಸ್ತೂಲೇ ಇರಲಿಲ್ಲ. ಮೊದಲು ಕೇಳಬೇಕಾದ ಪ್ರಶ್ನೆ ಇದೇ: ಈ ಮ್ಯಾಗಜಿನ್ ಯಾವ ಪಿಸ್ತೂಲಿಗೆ, ಆ ಪಿಸ್ತೂಲ್ ಹುಟ್ಟಿದ್ದು ಯಾವಾಗ?

ಸಿಗ್ ಪಿ226 ಪಿಸ್ತೂಲಿನದ್ದು ಒಂದಿತ್ತು. ಬೆನ್ನಿನ ಮೇಲೆ ಜಿಪ್ ಹಾಕಿದ ಹಾಗೆ ತಗಡು ಒಂದಕ್ಕೊಂದು ಕಚ್ಚಿಕೊಂಡ ಹಳೇ ಹೊಲಿಗೆ. ಮೇಲೆ ಪಶ್ಚಿಮ ಜರ್ಮನಿಯ ಅಚ್ಚು. ಎರಡು ಜರ್ಮನಿ ಒಂದಾಗಿದ್ದು 1990ರ ಅಕ್ಟೋಬರ್‌ನಲ್ಲಿ. ಇದಕ್ಕೆ ಬೇರೆ ಸಾಕ್ಷಿ ಬೇಡ ಎನಿಸಿತು.

ಹೆಚ್ಚು ಹೊತ್ತು ಹಿಡಿದಿದ್ದು ಗ್ಲಾಕ್ 17ರ ಐದು. ಒಂದರ ಮೇಲೆ ಪೊಲೀಸ್ ಮತ್ತು ಸರ್ಕಾರದ ಬಳಕೆಗೆ ಮಾತ್ರ ಎಂಬ ಅಚ್ಚು. ಅದು ನಿಷೇಧದ ಹತ್ತು ವರ್ಷದಲ್ಲಿ ತಯಾರಾದದ್ದು, ಪಕ್ಕಕ್ಕಿಟ್ಟೆ. ಇಲ್ಲೇ ತುಂಬಾ ಜನ ಎಡವುತ್ತಾರೆ. ಅಚ್ಚು ಇಲ್ಲ, ಹಾಗಾಗಿ ಹಳೇದು ಎಂದುಕೊಳ್ಳುತ್ತಾರೆ. 2004ರಲ್ಲಿ ನಿಷೇಧ ಮುಗಿದ ಮೇಲೆ ಆ ಅಚ್ಚು ಹಾಕಲೇಬೇಕೆಂಬ ಕಾರಣವೇ ಉಳಿಯಲಿಲ್ಲ. ಅಂದರೆ ನಿನ್ನೆ ತಯಾರಾದದ್ದರ ಮೇಲೂ ಅಚ್ಚು ಇರುವುದಿಲ್ಲ. ಇನ್ನೊಂದಕ್ಕೆ ಎರಡೂ ಪಕ್ಕ ಕಚ್ಚು. ಅದೂ ಹೋಯಿತು.

ಉಳಿದ ಮೂರನ್ನು ದೀಪದ ಕೆಳಗೆ ಬಾಯಿ ಮೇಲೆ ಮಾಡಿ ಹಿಡಿದೆ. ಗುಂಡನ್ನು ಹಿಡಿದಿಡುವ ಎರಡು ತುಟಿಗಳ ಹಿಂದೆ ಒಂದು ಕಚ್ಚು ಕಾಣುತ್ತದೆ. ಎರಡರಲ್ಲಿ ಅದು ಇಂಗ್ಲಿಷಿನ ಯು ಅಕ್ಷರದ ಹಾಗೆ ದುಂಡಗಿತ್ತು, ಒಂದರಲ್ಲಿ ಚೌಕ. ದುಂಡಗಿನದು ಹಳೇದು, ಚೌಕ ಆಮೇಲೆ ಬಂದದ್ದು. ಆ ಎರಡರ ಒಳಗಿನ ಲೋಹದ ತಗಡು ಮುಂಭಾಗವನ್ನು ಪೂರ್ತಿ ಸುತ್ತಿರಲಿಲ್ಲ, ಅಲ್ಲಿ ಬರೀ ಪ್ಲಾಸ್ಟಿಕ್. ಇಂಥ ಮ್ಯಾಗಜಿನ್ ತುಂಬಿದಾಗ ಉಬ್ಬುತ್ತದೆ. ಗುಂಡಿ ಒತ್ತಿದರೂ ತಾನಾಗಿ ಜಾರಿ ಬೀಳುವುದಿಲ್ಲ, ಕೈಯಿಂದ ಎಳೆಯಬೇಕು. ಖಾಲಿ ಪಿಸ್ತೂಲಿಗೆ ಹಾಕಿ ನೋಡಿದೆ. ಎರಡೂ ಅಲ್ಲೇ ಕೂತವು. ಗ್ಲಾಕ್‌ನ ಶುರುವಿನ ಕಾಲದ ಗುರುತು ಅದು.

ಒಂದರ ತಳದ ಮುಚ್ಚಳ ಮಾತ್ರ ಹೊಸದು. ಹಿರಿಯರು ಗಾಬರಿಯಾದರು. ಮುಚ್ಚಳ, ಸ್ಪ್ರಿಂಗ್, ಗುಂಡನ್ನು ಮೇಲೆ ತಳ್ಳುವ ಫಾಲೋವರ್, ಇವನ್ನು ಎರಡು ನಿಮಿಷದಲ್ಲಿ ಬದಲಾಯಿಸಬಹುದು. ಹಳೇ ಮುಚ್ಚಳ ಹಾಕಿ ಹೊಸದನ್ನು ಹಳೇದೆಂದು ಮಾರುವವರೂ ಇದ್ದಾರೆ. ಅದಕ್ಕೇ ನಾನು ಮೈ ನೋಡಿ ವಯಸ್ಸು ಹೇಳುತ್ತೇನೆ, ಬಿಡಿಭಾಗ ನೋಡಿ ಅಲ್ಲ. ಗೀರು, ತುಕ್ಕು ಕೂಡ ವಯಸ್ಸು ಹೇಳುವುದಿಲ್ಲ. ಪಿಸ್ತೂಲ್ ಹಳೇದಾದ ಮಾತ್ರಕ್ಕೆ ಮ್ಯಾಗಜಿನ್ ಹಳೇದಾಗಬೇಕೆಂದೇನೂ ಇಲ್ಲ.

ಕೊನೆಗೆ ಬೆರೆಟಾ 92ರ ಮೂರು, ಹದಿನೈದು ಗುಂಡಿನವು. ಈ ಪಿಸ್ತೂಲ್ ಎಪ್ಪತ್ತರ ದಶಕದಿಂದ ಇದೆ, ಮ್ಯಾಗಜಿನ್ ಈಗಲೂ ತಯಾರಾಗುತ್ತವೆ. ಮೈ ನೋಡಿದರೆ ನನಗೆ ನಿರ್ಧಾರ ಬರಲಿಲ್ಲ. ಡಬ್ಬದ ತಳದಲ್ಲಿ, ಮಾಸಿದ ಒಂದು ಬಿಲ್ ಸಿಕ್ಕಿತು. 1991ರದ್ದು. ಬೆರೆಟಾ ಮ್ಯಾಗಜಿನ್, ಎರಡು ಎಂದು ಬರೆದಿತ್ತು. ಮೂರರಲ್ಲಿ ಎರಡರ ಅಚ್ಚು, ಬಣ್ಣ, ಸವೆತ ಒಂದೇ ಥರ. ಮೂರನೆಯದರ ಅಕ್ಷರವೇ ಬೇರೆ. ಬಿಲ್‌ನಲ್ಲಿರುವುದು ಆ ಜೋಡಿಯೇ ಎಂದು ಇಬ್ಬರೂ ಒಪ್ಪಿದೆವು. ಮೂರನೆಯದೂ ಅಣ್ಣನ ಕೈಯದು, ಇಟ್ಟುಕೊಳ್ಳಬಾರದಾ ಎಂದು ಅವರು ಕೇಳಿದಾಗ ಸಂಕಟವಾಯಿತು. ಆದರೂ ಬೇಡ ಎಂದೆ. ಚೌಕ ಕಚ್ಚಿನ ಗ್ಲಾಕ್‌ದಕ್ಕೂ ಅದೇ ಉತ್ತರ. ಅದು ನಿಷೇಧಕ್ಕೆ ಮುಂಚಿನದು ಎಂದು ತೋರಿಸಲು ನಮ್ಮ ಹತ್ತಿರ ಏನೂ ಇರಲಿಲ್ಲ.

ಐದು ಗಡಿ ಈಚೆ ಬಂದವು. ಒಂದೊಂದನ್ನೂ ಬೇರೆ ಚೀಲಕ್ಕೆ ಹಾಕಿ, ಯಾವ ಗುರುತಿನಿಂದ ತೀರ್ಮಾನಿಸಿದೆವು ಎಂದು ಚೀಟಿ ಬರೆದು, ಎಲ್ಲಾ ಕಡೆಯಿಂದ ಫೋಟೊ ತೆಗೆದೆ. ಬಿಲ್‌ನ ಶಾಯಿ ಮಾಸುತ್ತಿತ್ತು, ಅದಕ್ಕೆ ಅದರದ್ದೂ ನಕಲು ಮಾಡಿಸಿದೆ. ಉಳಿದ ಆರನ್ನು ನ್ಯಾಶುವಾದಲ್ಲೇ ಒಂದು ಅಂಗಡಿಗೆ ಮಾರಿದರು.

2024ರ ಜುಲೈನಲ್ಲಿ ಮೆಸಾಚುಸೆಟ್ಸ್ ಗವರ್ನರ್ ಮೌರಾ ಹೀಲಿ ಸಹಿ ಹಾಕಿದ ಹೊಸ ಬಂದೂಕು ಕಾನೂನು ಬಂದಾಗ ಆ ಚೀಲಗಳನ್ನು ಹಾಗೆಯೇ ಹಿಡಿದುಕೊಂಡು ವಕೀಲರ ಹತ್ತಿರ ಹೋದೆವು. ಅವರು ಮೊದಲು ಕೇಳಿದ್ದೇ ಆ ಚೀಟಿಗಳನ್ನು.